ನಿಮ್ಮ ಸ್ವಭಾವಕ್ಕೆ ಹೊಂದುವ ಕಾದಂಬರಿ ಯಾವುದು? (ಇಷ್ಟದ್ದಲ್ಲ, ಹೊಂದುವುದು)

ಕೋಟ ಕಡಲು

ಉಡುಪಿ, ಮಂಗಳೂರು ಕಡೆಯ ಓದುವವರೆಲ್ಲ ಸ್ವಲ್ಪ ಬಿಡುವು ಮಾಡಿಕೊಂಡು ಉತ್ತರ ಕೊಡಬೇಕು. ನಿಮ್ಮ ಸ್ವಭಾವಕ್ಕೆ ಹೊಂದುವ ಹಳೆಯ ಕಾದಂಬರಿ ಯಾವುದು?

ಮೊಬೈಲಿನಲ್ಲಿ ಇಂಥ ಪರೀಕ್ಷೆಗಳು ಬೇಕಾದಷ್ಟು ಉಂಟು. ಮಳೆ ಇಷ್ಟವೋ ಬಿಸಿಲೋ, ಕಾಫಿಯೋ ಟೀಯೋ ಅಂತ ಕೇಳಿ, ಕೊನೆಗೆ ‘ಪ್ರೈಡ್ ಅಂಡ್ ಪ್ರಿಜುಡಿಸ್’ ಅಥವಾ ‘ಜೇನ್ ಏರ್’ ಅಂತ ಹೇಳುತ್ತವೆ. ಎರಡೂ ದೊಡ್ಡ ಕೃತಿಗಳೇ. 1813ರ ಎಲಿಜಬೆತ್, 1847ರ ಜೇನ್ ಇಬ್ಬರೂ ಇವತ್ತಿಗೂ ನಮ್ಮ ಜೊತೆ ಮಾತಾಡುತ್ತಾರೆ. ಆದರೆ ಕಾಫಿ, ಮಳೆ ಕೇಳಿ ಒಬ್ಬರ ಸ್ವಭಾವ ತಿಳಿಯುವುದು ಹೇಗೆ? ಕಷ್ಟ ಬಂದಾಗ ಎಂತ ಮಾಡುತ್ತೀರಿ ಅಂತ ಕೇಳಬೇಕು. ಒಳ್ಳೆಯ ಕಾದಂಬರಿ ಕೇಳುವುದೂ ಅದನ್ನೇ ಅಲ್ವಾ?

ಅನಂತಮೂರ್ತಿಯವರ 1965ರ ‘ಸಂಸ್ಕಾರ’ ತೆಗೆದುಕೊಳ್ಳಿ. ಬ್ರಾಹ್ಮಣರ ಆಚಾರ ಮುರಿದು ಬದುಕಿದ ನಾರಣಪ್ಪ ಸತ್ತಿದ್ದಾನೆ. ಶವಸಂಸ್ಕಾರ ಯಾರು ಮಾಡಬೇಕು ಅಂತ ಅಗ್ರಹಾರದಲ್ಲಿ ತೀರ್ಮಾನ ಆಗುತ್ತಿಲ್ಲ. ಪ್ರಾಣೇಶಾಚಾರ್ಯರು ಗ್ರಂಥ ತಿರುವಿಹಾಕುತ್ತಾರೆ, ಮಾರುತಿಯ ಗುಡಿಗೆ ಹೋಗಿ ದೇವರನ್ನು ಕೇಳುತ್ತಾರೆ. ಕೆಲವರಿಗೆ ನಾರಣಪ್ಪನ ಜೊತೆ ಬಾಳಿದ ಚಂದ್ರಿಯ ಚಿನ್ನದ ಮೇಲೆ ಕಣ್ಣು. ಕೊನೆಗೆ ಚಂದ್ರಿಯೇ ಅಹ್ಮದ್ ಬ್ಯಾರಿಯ ಸಹಾಯ ತೆಗೆದುಕೊಂಡು ರಾತ್ರೋರಾತ್ರಿ ಶವಕ್ಕೆ ಬೆಂಕಿ ಕೊಡಿಸುತ್ತಾಳೆ. ಕಾದಂಬರಿ ಓದಿದವರು ಸಾಮಾನ್ಯವಾಗಿ ತಮ್ಮನ್ನು ಆಚಾರ್ಯರ ಜಾಗದಲ್ಲಿ ಇಟ್ಟುಕೊಂಡು ಯೋಚನೆ ಮಾಡುತ್ತಾರೆ. ಆದರೆ ನನಗೆ ಗೊತ್ತಿರುವ ಎಷ್ಟೋ ಜನ ಚಂದ್ರಿಯ ಗುಣದವರು. ಉಳಿದವರ ಚರ್ಚೆ ಮುಗಿಯುವ ಮೊದಲೇ ಕೆಲಸ ಮುಗಿಸಿರುತ್ತಾರೆ. ಅವರಿಗೆ ಹೇಳಿ ನೋಡಿ, ‘ಸಂಸ್ಕಾರ’ದಲ್ಲಿ ತಾವು ಇದ್ದೇವೆ ಅಂತ ಅವರಿಗೇ ಗೊತ್ತಿರುವುದಿಲ್ಲ.

ಹಾಗಾಗಿ ನಾನು ನೋಡುವ ರೀತಿ ಹೀಗೆ: ಯಾವ ಪಾತ್ರ ಇಷ್ಟವಾಯಿತು ಅಂತ ಕೇಳಿಕೊಳ್ಳಬೇಡಿ. ಯಾವ ಪಾತ್ರ ಕಂಡರೆ ಕಿರಿಕಿರಿ ಆಯ್ತು ಅಂತ ಕೇಳಿಕೊಳ್ಳಿ. ಮೆಚ್ಚುಗೆ ಯಾರ ಮೇಲೆ ಬೇಕಾದರೂ ಬರುತ್ತದೆ. ಆ ಥರದ ಕಿರಿಕಿರಿ ಬರುವುದು ನಮ್ಮದೇ ಗುಣ ಅಲ್ಲಿ ಕಂಡಾಗ.

ನನ್ನದು ‘ಮರಳಿ ಮಣ್ಣಿಗೆ’. ಕಾರಂತರ ಹುಟ್ಟೂರಿನವ ಅಂತ ಹೇಳುವುದಲ್ಲ. ಮೂರು ತಲೆಮಾರಿನ ಕಥೆಯಲ್ಲಿ ಎಲ್ಲರಿಗೂ ಸಿಟ್ಟು ಬರುವುದು ನಡುವಿನ ಲಚ್ಚನ ಮೇಲೆ. ನನಗೆ ಮೂರನೆಯ ತಲೆಮಾರಿನ ರಾಮನನ್ನು ಕಂಡರೆ ಆಗುತ್ತಿರಲಿಲ್ಲ. ಮದರಾಸು, ಚಳವಳಿ, ಮುಂಬಯಿ, ಪಿಟೀಲು, ಚಿತ್ರಕಲೆ, ಎಲ್ಲ ಮುಟ್ಟಿ ನೋಡಿ ಆಮೇಲೆ ಮಣ್ಣಿಗೆ ಬರುತ್ತಾನೆ. ನನ್ನ ಗುಣವೂ ಅದೇ. ಒಂದು ಕಡೆ ನಿಲ್ಲುವ ಮೊದಲು ಹತ್ತು ಕಡೆ ಹೋಗಿ ಬರಬೇಕು.

ನಿಮ್ಮದು ಹೇಳಿ.

ಬ್ರಹ್ಮಾವರ ಟೀಚರ್

ಒಳ್ಳೆಯ ಪ್ರಶ್ನೆ. ನನಗೆ ಉತ್ತರ ಗೊತ್ತುಂಟು: 1970ರ ‘ಗೃಹಭಂಗ’, ಭೈರಪ್ಪನವರದ್ದು. ಅದರ ನಂಜಮ್ಮ.

ಕರಾವಳಿಯವರಿಗೆ ಬಯಲುಸೀಮೆಯ ಕಾದಂಬರಿ ಹೇಗೆ ಹೊಂದುತ್ತದೆ ಅಂತ ಕೇಳಬೇಡಿ. ಹೊಂದುತ್ತದೆ. ಶಾನುಭೋಗಿಕೆ ಇರುವುದು ಗಂಡ ಚೆನ್ನಿಗರಾಯನ ಹೆಸರಿನಲ್ಲಿ, ಲೆಕ್ಕ ಬರೆಯುವುದು ನಂಜಮ್ಮ. ಪುಸ್ತಕಕ್ಕೆ ಗೆರೆ ಹಾಕುವುದರಿಂದ ಹಿಡಿದು ಕಂದಾಯದ ಬಾಬ್ತು ತುಂಬುವವರೆಗೆ ಎಲ್ಲ ಅವಳೇ ಕಲಿತು ಮಾಡುತ್ತಾಳೆ. ಮನೆಯಲ್ಲಿ ಅತ್ತೆ ಗಂಗಮ್ಮನ ಬೈಗುಳ ಒಂದು ಹೊತ್ತೂ ನಿಲ್ಲುವುದಿಲ್ಲ. ಇಷ್ಟರ ಮಧ್ಯೆ ಮಕ್ಕಳಿಗೆ ಊಟ ಉಂಟಾ, ಶಾಲೆ ಉಂಟಾ ಅಂತ ನೋಡುವವಳು ಇವಳೊಬ್ಬಳೇ.

ಯಾರನ್ನೂ ದೂರುತ್ತಾ ಕೂರದೆ ಇವತ್ತಿನ ಕೆಲಸ ಇವತ್ತು ಮುಗಿಸುವುದು ನನ್ನ ಗುಣ. ಶಾಲೆಯಲ್ಲಿ ಹಾಜರಿ, ಬಿಸಿಯೂಟದ ಲೆಕ್ಕ, ಮಕ್ಕಳ ದಾಖಲೆ ಎಲ್ಲ ನನ್ನ ಮೇಜಿಗೇ ಬಂದು ಬೀಳುತ್ತದೆ. ಸಹಿ ಬೇರೆಯವರದ್ದು. ಅದಕ್ಕೆ ಬೇಜಾರಿಲ್ಲ, ಕೆಲಸ ಸರಿಯಾಗಬೇಕು ಅಷ್ಟೇ. ನಂಜಮ್ಮ ಬೆಳಕು ಕಡಿಮೆಯಾದ ಮೇಲೂ ಲೆಕ್ಕದ ಮುಂದೆ ಕೂತಿರುವುದನ್ನು ಓದಿದಾಗ ನನಗೆ ಅವಳ ಬೆನ್ನುನೋವು ಗೊತ್ತಾಯಿತು.

ನಿಮ್ಮ ಕಿರಿಕಿರಿ ಪರೀಕ್ಷೆ ನನಗೂ ಸರಿ ಅನಿಸಿತು. ‘ಅವನನ್ನು ಬಿಟ್ಟು ಹೋಗಬಾರದಾ’ ಅಂತ ಪುಟಪುಟಕ್ಕೂ ಅವಳ ಮೇಲೆ ಸಿಟ್ಟು ಬರುತ್ತಿತ್ತು.

ಮಣಿಪಾಲ ಹುಡುಗ

‘ಕರ್ವಾಲೊ’. ಬೇರೆ ಮಾತೇ ಇಲ್ಲ.

ತೇಜಸ್ವಿ ಅದನ್ನು 1980ರಲ್ಲಿ ಬರೆದದ್ದು. ನಾನು ಲ್ಯಾಬಿನಲ್ಲಿ ಕೆಲಸ ಮಾಡುವವನು. ಎಲ್ಲರೂ ನನ್ನನ್ನು ವಿಜ್ಞಾನಿ ಕರ್ವಾಲೊಗೆ ಹೋಲಿಸುತ್ತಾರೆ. ನಾನು ಮಂದಣ್ಣನ ಕಡೆ. ಊರಿನವರ ಲೆಕ್ಕದಲ್ಲಿ ಅವನಿಂದ ಯಾವ ಉಪಯೋಗವೂ ಇಲ್ಲ. ಆದರೆ ಕಾಡಿನಲ್ಲಿ ಎಂತ ಉಂಟು ಅಂತ ಅವನ ಕಣ್ಣಿಗೆ ಮೊದಲು ಬೀಳುತ್ತದೆ. ಕರ್ವಾಲೊ ದೊಡ್ಡವರು ಯಾಕೆ ಅಂದರೆ ಮಂದಣ್ಣನ ಬೆಲೆ ಅವರಿಗೆ ಗೊತ್ತು. ಕೊನೆಗೆ ಹಾರುವ ಓತಿ ಕೈಗೆ ಸಿಗುವುದಿಲ್ಲ. ಆದರೂ ಸೋತ ಹಾಗೆ ಅನಿಸುವುದಿಲ್ಲ. ಪ್ರಯೋಗ ಮಾಡುವವರಿಗೆ ಆ ಕೊನೆ ಚೆನ್ನಾಗಿ ಅರ್ಥವಾಗುತ್ತದೆ.

ಮಲ್ಪೆ ಧಕ್ಕೆ

ನಾನು ಬೋಟಿನವ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ನನ್ನ ಓದು ಎಲ್ಲ ಆಗುವುದು ಆ 61 ದಿನದಲ್ಲಿ.

ಸಮುದ್ರದವ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೈಗೆ ಕೊಡುವುದು ಹೆಮಿಂಗ್‌ವೇ ಬರೆದ ‘ದಿ ಓಲ್ಡ್ ಮ್ಯಾನ್ ಅಂಡ್ ದ ಸೀ’. 1952ರದ್ದು. ಸಾಂಟಿಯಾಗೊ ಎಂಬ ಮುದುಕನಿಗೆ 84 ದಿನ ಒಂದು ಮೀನೂ ಸಿಕ್ಕಿರುವುದಿಲ್ಲ. ಒಬ್ಬನೇ ದೂರ ಹೋಗಿ ದೊಡ್ಡ ಮಾರ್ಲಿನ್ ಹಿಡಿಯುತ್ತಾನೆ, ದಡಕ್ಕೆ ಬರುವಷ್ಟರಲ್ಲಿ ಶಾರ್ಕುಗಳು ಅದನ್ನು ತಿಂದು ಮುಗಿಸಿರುತ್ತವೆ. ಓದಿದೆ. ಗಾಳದ ಹಗ್ಗ ಅಂಗೈ ಕೊಯ್ಯುವುದನ್ನು ಬರೆದದ್ದು ಉಂಟಲ್ಲ, ಅದು ನೂರಕ್ಕೆ ನೂರು ನಿಜ. ಉಪ್ಪುನೀರು ತಾಗಿದ ಗಾಯ ಬೇಗ ಮಾಗುವುದಿಲ್ಲ.

ಆದರೆ ನಾನು ಸಾಂಟಿಯಾಗೊ ಅಲ್ಲ. ನಮ್ಮಲ್ಲಿ ಒಬ್ಬನೇ ಹೋಗುವ ಕೆಲಸ ಇಲ್ಲ. ಬೋಟಿನಲ್ಲಿ ತಾಂಡೇಲನ (ಬೋಟು ನಡೆಸುವ ಮುಖ್ಯಸ್ಥನ) ಮಾತು ನಡೆಯಬೇಕು, ಬಲೆ ಎಳೆಯಲು ಎಲ್ಲರ ಕೈ ಬೇಕು. ನಾನು ಆ ಪುಸ್ತಕದ ಹುಡುಗ, ಮನೋಲಿನ್. ಅಪ್ಪ ಅಮ್ಮ ಬೇರೆ ದೋಣಿಗೆ ಕಳಿಸಿದರೂ ಮುದುಕನಿಗೆ ಊಟ ತಂದುಕೊಡುವುದು, ಸಾಮಾನು ಹೊರುವುದು ಬಿಡುವುದಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು ಈಗ ಕಡಲಿಗೆ ಇಳಿಯುವುದಿಲ್ಲ. ಬೋಟು ಬಂದ ದಿನ ಅವರ ಮನೆಗೆ ಬಂಗುಡೆಯೋ ಬೂತಾಯಿಯೋ ಮುಟ್ಟಿಸಿಯೇ ನಾನು ಮನೆಗೆ ಹೋಗುವುದು.

‘ಚೆಮ್ಮೀನ್’ ಕೂಡ ಓದಿದ್ದೇನೆ, ತಕಳಿಯವರ ಮಲಯಾಳಂ ಕಾದಂಬರಿ, 1956. ಕಥೆ ಎದೆಗೆ ತಾಗುತ್ತದೆ. ಆದರೆ ಗಂಡ ಕಡಲಿನಲ್ಲಿ ಉಳಿಯುವುದು ಹೆಂಡತಿಯ ನಡತೆಯ ಮೇಲೆ ಅಂತ ಅದರ ಜನ ನಂಬುತ್ತಾರಲ್ಲ, ಆ ಭಾರವನ್ನು ಹೆಣ್ಣಿನ ತಲೆಯ ಮೇಲೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಕಡಲಿಗೆ ಹೋಗುವವನಿಗೆ ಗಾಳಿ ಗೊತ್ತಿರಬೇಕು.

ಪುತ್ತೂರಿನವಳು

ಮಲ್ಪೆ ಅಣ್ಣ ಬರೆದದ್ದು ಓದಿ ತುಂಬಾ ಖುಷಿ ಆಯ್ತು.

ನಾನು ನನ್ನ ಬಗ್ಗೆ ಅಲ್ಲ, ಅಪ್ಪನ ಬಗ್ಗೆ ಹೇಳುತ್ತೇನೆ, ಆಗಬಹುದಾ? ಅವರು 1943ರ ‘ಬೆಟ್ಟದ ಜೀವ’ದ ಗೋಪಾಲಯ್ಯ. ಪುಸ್ತಕ ಅವರು ಓದಿಲ್ಲ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿ ಬಂದ ಅಪರಿಚಿತನನ್ನು ಗೋಪಾಲಯ್ಯ ಮನೆಗೆ ಕರೆದು ಉಣಿಸಿ, ಹೊರಡುತ್ತೇನೆ ಅಂದಾಗೆಲ್ಲ ನಿಲ್ಲಿಸಿಕೊಳ್ಳುತ್ತಾರೆ. ನಮ್ಮಲ್ಲೂ ಅದೇ. ಅಂಗಳದಲ್ಲಿ ಕೂತು ಚಾಲಿ ಅಡಿಕೆ ಸುಲಿಯುತ್ತಾ ಇರುತ್ತಾರೆ. ಯಾರಾದರೂ ಎದ್ದು ಚೀಲ ಹೆಗಲಿಗೆ ಹಾಕಿದರೆ ಕೈ ನಿಲ್ಲಿಸದೆ, ತಲೆ ಎತ್ತದೆ, ‘ನಾಳೆ ಹೋದರಾಯಿತು’ ಅನ್ನುತ್ತಾರೆ. ವಿಮೆಯ ಕಾಗದಕ್ಕೆ ಸಹಿ ಹಾಕಿಸಲು ಬಂದವರೂ ಉಂಡೇ ಹೋಗಬೇಕು.

ಗೋಪಾಲಯ್ಯ, ಶಂಕರಮ್ಮನ ಮಗ ಶಂಭು ಮನೆ ಬಿಟ್ಟು ಹೋದವನು. ನನ್ನ ತಮ್ಮ ಬೆಂಗಳೂರಿನಲ್ಲಿ ಇದ್ದಾನೆ, ಫೋನ್ ಮಾಡುತ್ತಾನೆ, ಹಬ್ಬಕ್ಕೆ ಬರುತ್ತಾನೆ. ಅಷ್ಟು ಕಠಿಣ ಏನಿಲ್ಲ. ಆದರೆ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ಬಂದಾಗ, ‘ಮುಂದೆ ಈ ತೋಟ ಯಾರಿಗೆ’ ಅನ್ನುವುದು ಅಪ್ಪನ ಮುಖದಲ್ಲಿ ಕಾಣುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ. ಗೋಪಾಲಯ್ಯನೂ ಕೆಲಸದ ಮಾತು, ತಮಾಷೆಯ ಮಾತು ಆಡಿಯೇ ಆ ಸಂಗತಿಯನ್ನು ದಾಟಿಸುತ್ತಾರೆ.

ಬಲ್ಮಠ ಗುಡ್ಡೆ

ಮಂಗಳೂರಿನವರು ಮಾತಾಡುವಾಗ ‘ಇಂದಿರಾಬಾಯಿ’ಯ ಹೆಸರು ಇಷ್ಟು ತಡವಾಗಿ ಬರಬಾರದಿತ್ತು. ಗುಲ್ವಾಡಿ ವೆಂಕಟರಾಯರು ಬರೆದದ್ದು, 1899ರಲ್ಲಿ ಇಲ್ಲೇ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು. ಕಿಟ್ಟೆಲರ ನಿಘಂಟು ಹೊರಬಂದದ್ದೂ ಅದೇ ಪ್ರೆಸ್ಸಿನಿಂದ, 1894ರಲ್ಲಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಪಾಠದಲ್ಲಿ ಓದಿ ಅಲ್ಲಿಗೇ ಬಿಟ್ಟುಬಿಡುತ್ತೇವೆ. ಪುಸ್ತಕ ಬಿಡಿಸಿ ನೋಡಿದವರು ಕಡಿಮೆ.

ಇಂದಿರೆ ಚಿಕ್ಕ ವಯಸ್ಸಿಗೇ ವಿಧವೆಯಾದವಳು. ಮನೆಯವರು ಧರ್ಮದ ಹೆಸರಿನಲ್ಲಿ ಹಾಕಿಕೊಟ್ಟ ದಾರಿ ಅವಳಿಗೆ ಬೇಡ. ಮನೆಯಿಂದ ಹೊರಗೆ ಬರುತ್ತಾಳೆ, ಓದುತ್ತಾಳೆ, ಮರುಮದುವೆ ಆಗುತ್ತಾಳೆ. ಬರೆದವರು ಪೊಲೀಸ್ ಇಲಾಖೆಯಲ್ಲಿ ಇದ್ದವರು. ಊರಿನ ದೊಡ್ಡವರ ಒಳಗಿನ ವ್ಯವಹಾರ ಅವರಿಗೆ ಚೆನ್ನಾಗಿ ಗೊತ್ತಿತ್ತು ಅಂತ ಓದುವಾಗ ತಿಳಿಯುತ್ತದೆ.

ಇದರ ಪಕ್ಕದಲ್ಲಿ ಎಂ.ಕೆ. ಇಂದಿರಾ ಅವರ 1976ರ ‘ಫಣಿಯಮ್ಮ’ ಇಟ್ಟು ನೋಡಿ. ಅವಳೂ ಬಾಲವಿಧವೆ. ಆದರೆ ಮನೆ ಬಿಡುವುದಿಲ್ಲ, ಮದುವೆ ಆಗುವುದಿಲ್ಲ. ಕೇಶಮುಂಡನ, ಒಂದು ಹೊತ್ತಿನ ಊಟ ಎಲ್ಲವನ್ನೂ ಅನುಭವಿಸುತ್ತಾಳೆ. ಮುಂದೆ ದಾಕ್ಷಾಯಣಿ ಎಂಬ ಚಿಕ್ಕ ಹುಡುಗಿ ತಲೆ ಬೋಳಿಸಿಕೊಳ್ಳಲು ಒಪ್ಪದಾಗ, ಅವಳ ಪರವಾಗಿ ನಿಲ್ಲುವುದು ಇದೇ ಫಣಿಯಮ್ಮ. ಮನೆಯ ಎಲ್ಲರೂ ಗೌರವಿಸುವ ಹಿರಿಯಳು ‘ಬೇಡ’ ಅಂದ ಮೇಲೆ ಮಾತಿಗೆ ತೂಕ ಬರುತ್ತದೆ.

ಒಬ್ಬಳು ಹೊರಗೆ ಹೋಗಿ ಬದಲಾಯಿಸಿದವಳು, ಇನ್ನೊಬ್ಬಳು ಒಳಗೇ ಇದ್ದು ಬದಲಾಯಿಸಿದವಳು. ನನ್ನ ಕಕ್ಷಿದಾರ ಹೆಂಗಸರಲ್ಲಿ ಇಬ್ಬರನ್ನೂ ನೋಡುತ್ತೇನೆ. ನಾನು ವಕೀಲೆ, ನಾನು ಇಂದಿರೆಯ ಕಡೆ. ಬಾಗಿಲು ತೆರೆದು ಹೊರಗೆ ನಡೆಯುವುದೇ ನನಗೆ ಸಹಜ.

ಕುಂದಾಪುರ ಸೀಮೆ

ಕೋಟದವರ ಕಿರಿಕಿರಿ ಪರೀಕ್ಷೆಗೆ ನನ್ನ ತಕರಾರು ಉಂಟು. ‘ಚೋಮನ ದುಡಿ’ ಓದಿ ನನಗೆ ಸಿಟ್ಟು ಬಂದದ್ದು ಚೋಮನಿಗೆ ಭೂಮಿ ಸಿಗದ ಹಾಗೆ ಮಾಡಿದ ವ್ಯವಸ್ಥೆಯ ಮೇಲೆ. ಹಾಗಾದರೆ ನಾನು ಆ ವ್ಯವಸ್ಥೆಯವನಾ? ಇಲ್ಲ.

ಇನ್ನೊಂದು ಇದಕ್ಕಿಂತ ದೊಡ್ಡ ಮಾತು. ‘ನಾನು ಚೋಮ’ ಅಂತ ಹಿಂದೆ ಒಬ್ಬರು ಇಂಥದ್ದೇ ಚರ್ಚೆಯಲ್ಲಿ ಬರೆದಿದ್ದರು. ಹಠ ಇರುವವನು ಅನ್ನುವ ಅರ್ಥದಲ್ಲಿ. ಅದು ನನಗೆ ಒಪ್ಪಿಗೆ ಇಲ್ಲ. ಚೋಮನ ಬಡತನ, ಸಾಲ, ಅವನ ಮಕ್ಕಳಿಗೆ ಬಂದ ಗತಿ, ಇದು ಯಾವುದೂ ಅವನ ಸ್ವಭಾವ ಅಲ್ಲ. ಜಾತಿಯ ಕಾರಣಕ್ಕೆ ಅವನ ಮೇಲೆ ಹೇರಿದ್ದು. ಅದನ್ನು ತೆಗೆದು ನಮ್ಮ ಗುಣದ ಪಟ್ಟಿಗೆ ಸೇರಿಸಿಕೊಳ್ಳಬಾರದು.

ಚೋಮನ ಸ್ವಭಾವ ಅಂದರೆ ಯಾವುದು? ಬೇಸಾಯದ ಆಸೆ. ಜೋಡಿ ಎತ್ತು ಸಾಕಿಕೊಂಡಿದ್ದಾನೆ, ಉಳಲು ತುಂಡು ಭೂಮಿ ಬೇಕು. ಮನಸ್ಸಿನಲ್ಲಿ ಇರುವುದನ್ನೆಲ್ಲ ದುಡಿಯಲ್ಲಿ ಬಾರಿಸಿ ಹೇಳುತ್ತಾನೆ. ಈಗ ಪುತ್ತೂರಿನ ಅಕ್ಕ ಬರೆದ ಗೋಪಾಲಯ್ಯನನ್ನು ನೋಡಿ. ಅವರಿಗೂ ಮಣ್ಣಿನ ಹುಚ್ಚು. ಕಾಡು ಕಡಿದು ತೋಟ ಮಾಡಿದರು, ಇನ್ನೂ ಮಾಡಬೇಕು ಅಂತಾರೆ. 1933ರಲ್ಲಿ ಚೋಮನನ್ನು ಬರೆದ ಕಾರಂತರೇ ಹತ್ತು ವರ್ಷ ಬಿಟ್ಟು ಗೋಪಾಲಯ್ಯನನ್ನು ಬರೆದರು. ಇಬ್ಬರ ಒಳಗೂ ಇರುವುದು ಒಂದೇ ಆಸೆ. ಒಬ್ಬರಿಗೆ ಬೆಟ್ಟವೇ ಸಿಕ್ಕಿತು, ಇನ್ನೊಬ್ಬನಿಗೆ ಒಂದು ಗದ್ದೆಯೂ ಸಿಗಲಿಲ್ಲ. ಚೋಮನಿಗೆ ಭೂಮಿ ಸಿಕ್ಕಿದ್ದರೆ ಅವನ ಮನೆಗೂ ದಾರಿ ತಪ್ಪಿದವರು ಬಂದು ಉಂಡು ಹೋಗುತ್ತಿದ್ದರೋ ಏನೋ.

ಸ್ವಭಾವ ನೋಡುವವರು ಮೊದಲು ಇದನ್ನು ಬಿಡಿಸಿ ನೋಡಬೇಕು.

ಕೋಟ ಕಡಲು

ಕುಂದಾಪುರದವರೇ, ಇದು ಬಹಳ ಮುಖ್ಯವಾದ ಮಾತು. ಚೋಮನನ್ನೂ ಗೋಪಾಲಯ್ಯನನ್ನೂ ಒಟ್ಟಿಗೆ ಇಟ್ಟು ನೋಡಿದವರನ್ನು ನಾನು ಇದೇ ಮೊದಲು ಕಂಡದ್ದು.

ನಿಮ್ಮ ತಕರಾರಿಗೆ ಉತ್ತರ: ಅನ್ಯಾಯ ಕಂಡಾಗ ಬರುವ ಸಿಟ್ಟು ಬೇರೆ, ನಾನು ಹೇಳಿದ ಕಿರಿಕಿರಿ ಬೇರೆ. ಅನ್ಯಾಯದ ಸಿಟ್ಟು ಎಲ್ಲ ಓದುಗರಿಗೂ ಬರುತ್ತದೆ, ಬರಲೇಬೇಕು. ಕಿರಿಕಿರಿ ಒಬ್ಬೊಬ್ಬರಿಗೆ ಒಂದೊಂದು ಕಡೆ. ಟೀಚರಿಗೆ ಚೆನ್ನಿಗರಾಯನ ಮೇಲೆ ಸಿಟ್ಟು ಬಂದಿರುತ್ತದೆ, ಅದು ಎಲ್ಲರಿಗೂ ಬರುವಂಥದ್ದು. ಆದರೆ ನಂಜಮ್ಮನ ಮೇಲೆ ಬಂದದ್ದು ಅವರೊಬ್ಬರದ್ದು.

ಹಾಗೆಯೇ ಪಾತ್ರಕ್ಕೆ ಏನು ಸಿಕ್ಕಿತು, ಏನು ಸಿಗಲಿಲ್ಲ ಅನ್ನುವುದನ್ನು ಬದಿಗಿಟ್ಟು, ಅದು ಯಾವುದಕ್ಕೆ ಆಸೆಪಟ್ಟಿತು, ಹೇಗೆ ನಡೆದುಕೊಂಡಿತು ಅಂತ ಮಾತ್ರ ನೋಡೋಣ. ಇದನ್ನು ಎಲ್ಲರೂ ಸೇರಿಸಿಕೊಳ್ಳಿ.

ಮುಂಬಯಿಯಿಂದ ಬಂದವ

ಯಶವಂತ ಚಿತ್ತಾಲರ ‘ಶಿಕಾರಿ’, 1979. ನಾಗಪ್ಪ.

ಉಡುಪಿ ಕಡೆಯಿಂದ ಮುಂಬಯಿಗೆ ಹೋದವರ ಕಥೆ ಅಂದರೆ ಹೋಟೆಲು, ಬ್ಯಾಂಕು, ರಾತ್ರಿಶಾಲೆ ಅಂತ ಎಲ್ಲರಿಗೂ ಗೊತ್ತು. ಆಫೀಸಿನ ಒಳಗೆ ಮನುಷ್ಯ ಹೇಗೆ ಒಂಟಿಯಾಗುತ್ತಾನೆ ಅಂತ ಬರೆದವರು ಚಿತ್ತಾಲರು. ನಾಗಪ್ಪನನ್ನು ಕೆಲಸದಿಂದ ಅಮಾನತು ಮಾಡುತ್ತಾರೆ. ಯಾರು, ಯಾಕೆ, ಯಾವತ್ತಿನಿಂದ ಅಂತ ಅವನು ಒಂದೊಂದು ಮಾತನ್ನೂ ನೆನಪಿನಿಂದ ಹೊರತೆಗೆದು ತೂಗಿ ನೋಡುತ್ತಾನೆ.

ನನ್ನನ್ನು ಒಂದು ಕಂಪನಿ ಕಾರಣ ಹೇಳದೆ ಬೇರೆ ವಿಭಾಗಕ್ಕೆ ತಳ್ಳಿತ್ತು. ಆ ಕಾಗದದ ಒಂದೇ ಸಾಲನ್ನು ಲೋಕಲ್ ರೈಲಿನಲ್ಲಿ ನಿಂತುಕೊಂಡು ಮತ್ತೆ ಮತ್ತೆ ಓದುತ್ತಿದ್ದೆ. ‘ಆಡಳಿತದ ಹಿತದೃಷ್ಟಿಯಿಂದ’ ಅಂತ ಇತ್ತು. ಯಾರ ಆಡಳಿತ, ಯಾರ ಹಿತ? ನಾಗಪ್ಪನ ತಲೆ ಓಡುವ ರೀತಿಯೇ ನನ್ನದೂ. ಸುಮ್ನೆ ಬಿಟ್ಟುಬಿಡಿ ಅಂತ ಹೇಳುವವರಿಗೆ ಈ ಪುಸ್ತಕ ತುಂಬಾ ಉದ್ದ ಅನಿಸುತ್ತದೆ. ನನಗೆ ಒಂದು ಪುಟವೂ ಜಾಸ್ತಿ ಅನಿಸಲಿಲ್ಲ.

ಬೆಳ್ತಂಗಡಿ ಗುತ್ತು

ನೀವೆಲ್ಲ ಒಂದೊಂದು ಪಾತ್ರ ಹುಡುಕುತ್ತಿದ್ದೀರಿ. ದೊಡ್ಡ ಕುಟುಂಬದಲ್ಲಿ ಬೆಳೆದವರಿಗೆ ಒಂದು ಪಾತ್ರ ಸಾಲುವುದಿಲ್ಲ ಮಾರಾಯ್ರೆ. ನಮಗೆ ಕುವೆಂಪು ಅವರ 1967ರ ‘ಮಲೆಗಳಲ್ಲಿ ಮದುಮಗಳು’ ಬೇಕು. ಅದರಲ್ಲಿ ಗುತ್ತಿಯೂ ಇದ್ದಾನೆ, ಅವನ ನಾಯಿ ಹುಲಿಯನೂ ಇದ್ದಾನೆ, ಗೌಡರೂ ಇದ್ದಾರೆ, ಆಳುಗಳೂ ಇದ್ದಾರೆ. ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಮೊದಲಿಗೇ ಹೇಳಿಬಿಟ್ಟಿದ್ದಾರೆ. ನಮ್ಮ ಮನೆಯ ಚಾವಡಿಯಲ್ಲೂ ಹಾಗೇ. ಒಬ್ಬರ ಮದುವೆಯ ಮಾತು, ಇನ್ನೊಬ್ಬರ ಗದ್ದೆಯ ತಗಾದೆ, ಮತ್ತೊಬ್ಬರ ಜ್ವರ ಎಲ್ಲ ಒಂದೇ ಹೊತ್ತಿಗೆ ನಡೆಯುತ್ತದೆ.

ಹೊಂದುವುದು ಅಂದರೆ ಪಾತ್ರ ಮಾತ್ರ ಅಲ್ಲ, ಪುಸ್ತಕದ ನಡಿಗೆಯೂ ಹೊಂದಬೇಕು ಅಂತ ನನ್ನ ಅಭಿಪ್ರಾಯ. ಕೆಲವರಿಗೆ ‘ಕರ್ವಾಲೊ’ದ ಹಾಗೆ ಒಂದು ದಿನದಲ್ಲಿ ಓದಿ ಮುಗಿಸುವಂಥದ್ದು ಬೇಕು. ನನಗೆ ನಿಧಾನಕ್ಕೆ ಹೋಗುವುದು ಬೇಕು. ಹುಲಿಯ ತುಂಗೆಯ ಪ್ರವಾಹದಲ್ಲಿ ಹೋದಾಗ ನಾನು ಪುಸ್ತಕ ಮುಚ್ಚಿಟ್ಟು ಎರಡು ದಿನ ಮುಟ್ಟಲಿಲ್ಲ. ಅಷ್ಟು ಹೊತ್ತು ಜೊತೆಗೆ ನಡೆದದ್ದಕ್ಕೇ ಆ ದುಃಖ ಬಂದದ್ದು.

ಮಣಿಪಾಲ ಹುಡುಗ

ಗುತ್ತಿನವರು ನಡಿಗೆಯ ಬಗ್ಗೆ ಹೇಳಿದ್ದು ನಿಜ. ನನ್ನ ರೂಂಮೇಟ್ ‘ಶಿಕಾರಿ’ ಹಿಡಿದರೆ ಬಿಡುವುದಿಲ್ಲ, ನನಗೆ ಅದು ಸಾಗುವುದೇ ಇಲ್ಲ.

ಕಾಪು ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಎರಡನೇ ವರ್ಷ. ಪಠ್ಯದಲ್ಲಿ ಇದ್ದದ್ದು ಬಿಟ್ಟರೆ ಕಾದಂಬರಿ ಓದಿದ್ದು ಕಡಿಮೆ. ಈ ಚರ್ಚೆ ಮೊದಲಿನಿಂದ ಓದಿದೆ. ನನಗೆ ಯಾವುದು ಹೊಂದಬಹುದು ಅಂತ ಹೇಳುತ್ತೀರಾ? ನಾನು ಎಲ್ಲದಕ್ಕೂ ಯಾಕೆ ಅಂತ ಕೇಳುವವಳು. ದೇವಸ್ಥಾನದಲ್ಲಿ ಕೇಳಿದರೂ ಬೈಗುಳ, ಮನೆಯಲ್ಲಿ ಕೇಳಿದರೂ ಬೈಗುಳ. ಅಜ್ಜಿ ಮಾತ್ರ ಬೈಯುವುದಿಲ್ಲ.

ಬ್ರಹ್ಮಾವರ ಟೀಚರ್

ಮಗಳೇ, ನಿನಗೆ ‘ಮೂಕಜ್ಜಿಯ ಕನಸುಗಳು’. ಕಾರಂತರದ್ದು, 1968. ಜ್ಞಾನಪೀಠ ಬಂದದ್ದು 1977ರಲ್ಲಿ. ಮೂಡೂರಿನ ಅಜ್ಜಿ, ಬಾಲವಿಧವೆ, ಹೆಚ್ಚು ಮಾತಾಡದವಳು. ಮೊಮ್ಮಗ ಸುಬ್ಬರಾಯ ತಂದುಕೊಟ್ಟ ಹಳೆಯ ಮೂಳೆಯೋ ಕಲ್ಲೋ ಕೈಯಲ್ಲಿ ಹಿಡಿದರೆ ಅದರ ಹಿಂದಿನ ಕಾಲವೇ ಅವಳಿಗೆ ಕಾಣುತ್ತದೆ. ದೇವರು, ಮದುವೆ, ಗಂಡು ಹೆಣ್ಣು, ಎಲ್ಲದರ ಬಗ್ಗೆಯೂ ಹೆದರದೆ ಮಾತಾಡುತ್ತಾಳೆ.

ಎಲ್ಲರೂ ‘ನಾನು ಮೂಕಜ್ಜಿ’ ಅನ್ನುತ್ತಾರೆ. ನೀನು ಸುಬ್ಬರಾಯನ ಜಾಗದಲ್ಲಿ ಕೂತು ಓದು. ಕೇಳುವವನು ಇದ್ದದ್ದಕ್ಕೇ ಆ ಅಜ್ಜಿ ಮಾತಾಡಿದ್ದು. ನಿನ್ನ ಅಜ್ಜಿಯ ಹತ್ತಿರವೂ ಕೇಳು, ಬರೆದಿಟ್ಟುಕೋ.

ಬಲ್ಮಠ ಗುಡ್ಡೆ

ಟೀಚರ್ ಹೇಳಿದ್ದು ಸರಿ. ಅದು ಮುಗಿದ ಮೇಲೆ ‘ಫಣಿಯಮ್ಮ’ ಓದಮ್ಮ. ಸಣ್ಣ ಪುಸ್ತಕ. ಅದರ ಮೇಲೆ ‘ಇಂದಿರಾಬಾಯಿ’. ಭಾಷೆ ಹಳೆಯದು, ಮೊದಲು ಸ್ವಲ್ಪ ತಡೆಯುತ್ತದೆ. ಗಟ್ಟಿಯಾಗಿ ಓದಿದರೆ ಸಲೀಸು.

ಕಾಪು ವಿದ್ಯಾರ್ಥಿನಿ

ತುಂಬಾ ಥ್ಯಾಂಕ್ಸ್ ಟೀಚರ್, ಥ್ಯಾಂಕ್ಸ್ ಮೇಡಂ. ‘ಮೂಕಜ್ಜಿ’ ನಮ್ಮ ಕಾಲೇಜು ಲೈಬ್ರರಿಯಲ್ಲಿ ಉಂಟು, ಇವತ್ತೇ ತಂದೆ. ‘ಇಂದಿರಾಬಾಯಿ’ ಅಲ್ಲಿ ಇಲ್ಲ. ಯಾರ ಹತ್ತಿರ ಆದರೂ ಇದ್ದರೆ ಓದಿ ವಾಪಸ್ ಕೊಡುತ್ತೇನೆ.

ಕೋಟ ಕಡಲು

ನನ್ನ ಹತ್ತಿರ ಉಂಟು. ಶನಿವಾರ ಸಂಜೆ ಉಡುಪಿ ರಥಬೀದಿಗೆ ಬರುವ ಕೆಲಸ ಇದೆ, ಟೀಚರ್ ಕೈಯಲ್ಲಿ ಕೊಟ್ಟಿರುತ್ತೇನೆ. ಅವರಿಂದ ತೆಗೆದುಕೋ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದದ್ದು ಉಂಟು, ಅದನ್ನು ಒಪ್ಪಬೇಕು ಅಂತಿಲ್ಲ. ನಿನ್ನದನ್ನೂ ಪಕ್ಕದಲ್ಲಿ ಬರೆ.